ವೈನಿ ಆರಿಸಿದ ಸ್ಪೀಕರ್

ಹೊಸ ಸ್ಪೀಕರಿನ ಡಬ್ಬ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಅಂಟು, ಹಸಿ ಪ್ಲೈವುಡ್ಡು, ಮುಂದೆ ಬಿಗಿದ ಕರಿ ಬಟ್ಟೆ... ಹೋದ ತಿಂಗಳು ಚಿಕ್ಕೋಡಿಯ ಅಂಗಡಿಯೊಂದರಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದೆ. ನಾವು ಈಗಿರುವುದು ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಟಿ.ವಿ.ಯ ಆಚೆ ಈಚೆ ಇಡಲು ಸಣ್ಣ ಸ್ಪೀಕರ್ ಬೇಕೆಂದು ಮಗಳು ಎಳೆದುಕೊಂಡು ಹೋಗಿದ್ದಳು. "ಸಣ್ಣ ಮನಿಗೆ ಇವ ಬರೋಬ್ಬರಿ ನೋಡ್ರಿ," ಎಂದು ಅಂಗಡಿಯವನು ಹೇಳುತ್ತಲೇ ಇದ್ದ. ಮಗಳು ಬಿ.ಪಿ. ಮಾತ್ರೆ ನುಂಗಿಲ್ಲವೇನೆಂದು ನನ್ನನ್ನು ಬೈದಳು. ಅವಳಿಗೇನು ಗೊತ್ತು, ಪಾಪ. ನನ್ನ ಕಣ್ಣೆದುರು ನಿಪ್ಪಾಣಿಯ ಚಾಳಿನ ಪಕ್ಕದ ಮನೆಯ ವೈನಿ ನಿಂತಿದ್ದಳು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ನಾನು ಅವಳನ್ನು ಹಾಗೇ ಕರೆಯುತ್ತಿದ್ದೆ.

ನಾನು ಮದುವೆಯಾಗಿ ನಿಪ್ಪಾಣಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಸಾಲು ಕೋಣೆಗಳು, ಮುಂದೆ ಉದ್ದನೆಯ ಒಂದೇ ಅಂಗಳ, ಎಲ್ಲರಿಗೂ ಸೇರಿ ಒಂದೇ ನಳ. ಚಾಳಿನ ಹೆಂಗಸರು ಹೆಚ್ಚಿನವರು ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಜರಡಿ ಹಿಡಿಯಲು ಹೋಗುವವರು, ನನ್ನ ಅತ್ತೆಯೂ ಸೇರಿ. ಸಂಜೆ ಅವರು ಮರಳಿದರೆಂದರೆ ಅಂಗಳದ ತುಂಬ ಘಾಟು. ಹೊಸ ಸೊಸೆ ನಾನು ಸೀನಿ ಸೀನಿ ಸಾಯುತ್ತಿದ್ದೆ. "ತಡಿ, ಇನ್ನೊಂದ ವರ್ಷಕ್ಕ ಈ ಘಾಟ ಇಲ್ಲಂದ್ರ ನಿನಗ ನಿದ್ದೀನ ಬರಂಗಿಲ್ಲ," ಎಂದು ಅತ್ತೆ ನಗುತ್ತಿದ್ದಳು. ನಾನು ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದೆ.

ನಮ್ಮದೂ ವೈನಿಯದೂ ನಡುವೆ ಒಂದೇ ಗೋಡೆ. ಆಕೆಯ ಗಂಡ ಅದೇ ವಖಾರಿಯ ಮುಕಾದಮ. ಯಾವ ಹೆಂಗಸಿಗೆ ಇವತ್ತು ಕೆಲಸ, ಯಾರು ಬಾಗಿಲಿನಿಂದಲೇ ಮರಳಬೇಕು ಎಂಬುದು ಅವನ ಬಾಯಿಂದ ಬರಬೇಕು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಎದುರಿಗೆ ಬಂದರೆ "ಆರಾಮ ಅದೀರೇನ್ರಿ" ಎನ್ನುವ ಬೆಣ್ಣೆಯಂಥ ಮಾತು. ಹಲ್ಕಟ್ ಮೂಳ. ಇಷ್ಟು ವರ್ಷದ ಮೇಲೂ ಅವನನ್ನು 'ಅವರು' ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಅವನ ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರ್ ಇದ್ದವು. ಕೊಲ್ಲಾಪುರದ ಕಡೆಯಿಂದ ತಂದವು, ಮದುವೆ ಮಂಟಪದಲ್ಲಿ ಇಡುವಂಥವು, ಒಂದೊಂದೂ ಕಾಳಿನ ಹಗೇವಿನ ಮುಚ್ಚಳದಷ್ಟು ಅಗಲ. ಅವುಗಳ ನಡುವೆ ಗಂಡ ಹೆಂಡತಿ ಹೊರಳಿ ಮಲಗಲೂ ಜಾಗವಿರಲಿಲ್ಲ. ಸಿಟ್ಟು ಬಂದಾಗ ಅವನು ಮೊದಲು ಬಾಗಿಲು ಹಾಕುತ್ತಿದ್ದ. ಆಮೇಲೆ ಕ್ಯಾಸೆಟ್ಟು ಹಚ್ಚಿ ಆವಾಜು ಪೂರ್ತಿ ಏರಿಸುತ್ತಿದ್ದ. ನಮ್ಮ ಮನೆಯ ಮಾಡದಲ್ಲಿದ್ದ ಡಬ್ಬಿಗಳು ನಡುಗುತ್ತಿದ್ದವು. ಹಾಡು ನಿಂತ ಮೇಲೆ, ಮರುದಿನ ನಳದ ಹತ್ತಿರ, ವೈನಿಯ ತುಟಿ ಒಡೆದಿರುತ್ತಿತ್ತು. ಇಲ್ಲವೆ ಕೈಯಲ್ಲಿ ಬಳೆ ಇರುತ್ತಿರಲಿಲ್ಲ, ಬಳೆ ಇದ್ದ ಜಾಗದಲ್ಲಿ ಗಾಜು ಹೊಕ್ಕ ಗಾಯಗಳಿರುತ್ತಿದ್ದವು. ಒಮ್ಮೆ ಎಡಗಿವಿಯಿಂದ ರಕ್ತ ಇಳಿದು ಜಂಪರಿನ ತೋಳಿನ ತನಕ ಹೆಪ್ಪುಗಟ್ಟಿತ್ತು. ಆ ಜಂಪರು ಒಗೆಯಲು ನಾನೇ ಇಸಿದುಕೊಂಡಿದ್ದೆ.

ಚಾಳಿಗೆಲ್ಲ ಗೊತ್ತಿತ್ತು. "ಮುಕಾದಮನ ಮನ್ಯಾಗ ಹಾಡ ಹಚ್ಯಾರ," ಎಂದಷ್ಟೇ ಹೆಂಗಸರು ಹೇಳುತ್ತಿದ್ದರು. ಕೈಯಲ್ಲಿನ ಚಹಾ ಮುಗಿಸಿ ಒಳಗೆ ಹೋಗಿ ತಮ್ಮ ತಮ್ಮ ಬಾಗಿಲು ಎಳೆದುಕೊಳ್ಳುತ್ತಿದ್ದರು. ಹಾಡಿನಲ್ಲಿ ಏನೂ ಕೇಳಿಸಲಿಲ್ಲ ಎಂದರೆ ಮುಗಿಯಿತು. ಅವನೂ ಸುಖಿ, ಇವರ ಕೂಲಿಯೂ ಭದ್ರ. ಕೇಳಿಸಿದ್ದರೆ ಏನಾದರೂ ಮಾಡಬೇಕಾಗುತ್ತದೆ, ಅದಕ್ಕೇ ಕೇಳಿಸುತ್ತಿರಲಿಲ್ಲ. ಅತ್ತೆಯನ್ನು ನಾನು ಒಮ್ಮೆ ಕೇಳಿಯೂ ಬಿಟ್ಟೆ. "ಬಾಯಿ ಮುಚ್ಚ," ಎಂದು ಗದರಿದಳು. ಆ ಸಂಜೆ ಅವಳು ಊಟ ಮಾಡಲಿಲ್ಲ...

ಒಂದು ಮಧ್ಯಾಹ್ನ ವೈನಿ ನನ್ನ ಬಾಗಿಲಿಗೆ ಬಂದು ದಬ್ಬಣ ಕೇಳಿದಳು. ಗೋಣಿಚೀಲ ಹೊಲಿಯಲು ಇರಬೇಕೆಂದು ಕೊಟ್ಟೆ. ಮರುದಿನ ಮುಕಾದಮ ಅಂಗಳದಲ್ಲಿ ನಿಂತು ಇಲಿಗಳ ಮನೆತನವನ್ನೇ ಬೈಯುತ್ತಿದ್ದ. ಎರಡೂ ಸ್ಪೀಕರಿನ ಒಳಗಿನ, ದನಿ ಹೊರಡಿಸುವ ಕಾಗದ ಚಿಂದಿ ಚಿಂದಿಯಾಗಿತ್ತು. ವಖಾರಿಗಳ ಊರಿನಲ್ಲಿ ಇಲಿಗಳಿಗೇನು ಬರ, ಎಲ್ಲರೂ ನಂಬಿದರು. ದಬ್ಬಣ ಮರಳಿ ಕೊಡುವಾಗ ವೈನಿ ನನ್ನ ಮುಖವನ್ನೇ ನೋಡಿದಳು. ನನಗೆ ತಿಳಿಯಿತು. ಅಯ್ಯೋ ದೇವರೇ, ಇವನಿಗೆ ತಿಳಿದರೆ ಇವಳ ಹೆಣ ಬೀಳುತ್ತದೆ ಎಂದು ದಬ್ಬಣವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಯಾಕ್ರಿ ವೈನಿ? ನಾಳೆ ಮತ್ತ ದೊಡ್ಡಾವ ತರತಾನ," ಅಂದೆ.

"ತರಂಗಿಲ್ಲ. ಸಣ್ಣಾವ ತರಸ್ತೀನಿ," ಅಂದಳು. "ಸಣ್ಣಾವ ನನ್ನ ದನಿ ಮುಚ್ಚಂಗಿಲ್ಲ. ನೋಡೂಣು, ಆಮ್ಯಾಲೂ ಈ ಚಾಳಿನವರಿಗೆ ಕೇಳಸಂಗಿಲ್ಲೇನ ಅಂತ."

ಅವನಿಗೆ ಇದ್ದ ಒಂದೇ ಹುಚ್ಚು, ವಖಾರಿಯ ಮಾಲಕರಂತೆ ಕಾಣಿಸಬೇಕು ಎಂಬುದು. ವೈನಿ ಅಲ್ಲಿಗೇ ಕೈ ಹಾಕಿದಳು. ಮಾಲಕರ ಮನೆಯಲ್ಲಿ ಸಣ್ಣ ಸಣ್ಣ ಸ್ಪೀಕರ್ ಶೋಕೇಸಿನಲ್ಲಿ ಇಟ್ಟಿದ್ದಾರೆ, ದೊಡ್ಡವು ಈಗ ಬರೀ ಬ್ಯಾಂಡಿನವರ ಹತ್ತಿರ ಇರುತ್ತವೆ ಎಂದು ಅನ್ನ ಬಡಿಸುತ್ತ ಬಡಿಸುತ್ತ ಅವನ ಕಿವಿಗೆ ಹಾಕಿದಳು. ಬಜಾರದ ದಿವಸ ಮೂವರೂ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆವು. ಹೆಣ್ಣಿನ ಜೊತೆ ಇರಲಿ ಎಂದು ವೈನಿ ನನ್ನನ್ನೂ ಕರೆದಿದ್ದಳು.

ಅಂಗಡಿಕಾರ ಒಳ್ಳೆಯ ಮಾತುಗಾರ. ಕೋಣೆ ಸಣ್ಣದಿದ್ದರೆ ದೊಡ್ಡ ಸ್ಪೀಕರಿನ ಆವಾಜು ಗೋಡೆಗೆ ಬಡಿದು ರಾಡಿಯಾಗುತ್ತದೆ, ಸಣ್ಣವನ್ನು ಗೋಡೆಗೆ ಅಂಟಿಸದೆ ಗೇಣು ದೂರ ಇಡಬೇಕು, ಕುಳಿತವರ ಕಿವಿಯ ಎತ್ತರಕ್ಕೆ ಇಡಬೇಕು ಎಂದೆಲ್ಲ ಹೇಳಿದ. ಎರಡು ಪುಟ್ಟ ಡಬ್ಬ ಬಿಚ್ಚಿ ಆಚೆ ಈಚೆ ಇಟ್ಟು, "ನಡುವ ಕುಂದರ್ರಿ ಅಕ್ಕಾರ, ಎರಡೂ ಕಡೆ ಬ್ಯಾರೆ ಬ್ಯಾರೆ ಕೇಳಸ್ತೈತಿ," ಎಂದ. ವೈನಿ ಕುಳಿತಳು. ಬಲಗಿವಿಯನ್ನಷ್ಟೇ ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿಸಿದಳು. ಎಡಗಿವಿ ಸತ್ತೇ ಹೋಗಿದೆ ಎಂದು ನನಗೆ ಆಗ ಗೊತ್ತಾಯಿತು. "ಚಲೋ ಅದಾವ," ಎಂದು ನಕ್ಕಳು. ಅವಳ ಪಕ್ಕದಲ್ಲೇ ನಿಂತಿದ್ದ ಆ ಮೂಳನ ಕುತ್ತಿಗೆಗೆ ಕೈ ಹಾಕುವಷ್ಟು ಸಿಟ್ಟು ಬಂತು ನನಗೆ.

ಅವನು ಸುಮ್ಮನೆ ಬಿಡುವವನೇ? ಆವಾಜು ಪೂರ್ತಿ ತಿರುವಿದ. ಸ್ಪೀಕರು ಭರ್ರ್ ಎಂದು ಒಡಕು ದನಿ ತೆಗೆಯಿತು. ಅಂಗಡಿಕಾರ ಓಡಿಬಂದು ತಗ್ಗಿಸಿದ. "ಇವು ಇಷ್ಟ ಜೋರ ತಡಿಯಂಗಿಲ್ರಿ ಸಾಹೇಬ್ರ. ಇವು ದೊಡ್ಡ ಮಂದೀವು. ಸಾವಕಾಶ ಕೇಳೂವಂಥಾವು." ದೊಡ್ಡ ಮಂದಿ ಎಂಬ ಮಾತಿಗೆ ಮುಕಾದಮನ ಮೀಸೆ ಕುಣಿಯಿತು. ಆ ಡಬ್ಬಗಳನ್ನು ತಾನೇ ಬಗಲಲ್ಲಿ ಹಿಡಿದು, ಎಲ್ಲರಿಗೂ ಕಾಣುವಂತೆ ಬಜಾರದ ನಡುವೆಯೇ ನಡೆದ.

ಕೆಲವು ವಾರ ತಣ್ಣಗಿತ್ತು. ಆಮೇಲೆ ಒಂದು ಸಂಜೆ, ಹೆಂಗಸರೆಲ್ಲ ವಖಾರಿಯಿಂದ ಬಂದು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ, ಪಕ್ಕದ ಬಾಗಿಲು ದಡಾರನೆ ಹಾಕಿಕೊಂಡಿತು. ಕ್ಯಾಸೆಟ್ಟು ಸುರುವಾಯಿತು. ಆವಾಜು ಏರಿತು, ಏರಿ ಒಡೆಯಿತು. ಆ ಒಡಕು ಹಾಡಿನ ಮೇಲೆ ವೈನಿಯ ದನಿ ಚೀರಿ ಬಂತು. ಏಟು ಬಿದ್ದ ಸಪ್ಪಳ, ಪಾತ್ರೆ ಉರುಳಿದ ಸಪ್ಪಳ, ಗೋಡೆಗೆ ತಲೆ ಅಪ್ಪಳಿಸಿದ ಸಪ್ಪಳ, ಎಲ್ಲ ಬೇರೆ ಬೇರೆಯಾಗಿ ಕೇಳಿದವು. "ಯವ್ವಾ, ಸತ್ತೆನೋ!" ಎಂದು ಅವಳು ಒದರುತ್ತಿದ್ದಳು. ಅಲ್ಲಿಯವರೆಗೆ ಆ ಚಾಳಿನಲ್ಲಿ ಯಾರೂ ಅವಳ ಒದರುವ ದನಿ ಕೇಳಿರಲಿಲ್ಲ. ಯಾರೂ ಚಹಾ ಗುಟುಕರಿಸಲಿಲ್ಲ. ಯಾರೂ ಒಳಗೆ ಹೋಗಲೂ ಇಲ್ಲ. ಒಬ್ಬಳು ಮಾತ್ರ, "ನಾಳಿ ಕೆಲಸ ಕೊಡಂಗಿಲ್ಲವಾ ಅಂವ," ಎಂದು ಗೊಣಗಿದಳು.

ನನ್ನ ಅತ್ತೆ ಚಹಾದ ಕಪ್ಪನ್ನು ನೆಲಕ್ಕೆ ಒಗೆದು ಎದ್ದಳು. "ಕೇಳಸಾಕತ್ತೈತಲ್ಲ! ಎಲ್ಲಾರಿಗೂ ಕೇಳಸಾಕತ್ತೈತಿ! ಇನ್ನೇನ ಹೆಣಾ ಹೊರಾಕ ಏಳ್ತೀರೇನ?"

ಒಳಗಿನ ಚಿಲಕ ಹೆಂಗಸರ ಹೆಗಲಿಗೆ ತಡೆಯಲಿಲ್ಲ. ಬಾಗಿಲು ಮುರಿದು ಬಿದ್ದಾಗ ಅವನು ವೈನಿಯ ಕೂದಲನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದ. ಗೋಡೆಯ ಮೇಲೆ ರಕ್ತ ಒರೆಸಿದಂತೆ ಆಗಿತ್ತು. "ನನ್ನ ಹೇಂತಿ, ನೀವ ಯಾರಬೇ ಕೇಳಾಕ!" ಎಂದು ಅತ್ತೆಯ ಮೇಲೆ ಕೈ ಎತ್ತಿದ. ಅತ್ತೆಯ ಸೊಂಟದಲ್ಲಿ ಯಾವಾಗಲೂ ಮಿಸ್ರಿಯ ಡಬ್ಬಿ ಇರುತ್ತಿತ್ತು, ನಮ್ಮ ಕಡೆ ಹೆಂಗಸರು ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ. ಇಡೀ ಡಬ್ಬಿಯನ್ನು ಅವನ ಕಣ್ಣಿಗೆ ಎರಚಿದಳು. ಅವನು ಕಣ್ಣು ಹಿಡಿದುಕೊಂಡು ಎಮ್ಮೆಯ ಹಾಗೆ ಕೂಗಿದ. ಆಮೇಲೆ ಚಪ್ಪಲಿ, ಕಸಬರಿಗೆ, ಲಟ್ಟಣಿಗೆ, ಬರಿಗೈ... ಎಷ್ಟು ವರ್ಷದ್ದು ಇತ್ತೋ ಏನೋ ಅವರ ಹೊಟ್ಟೆಯಲ್ಲಿ. ಕೆಲಸ ಹೋಗುತ್ತದೆ ಎಂದು ಗೊಣಗಿದವಳೇ ಎದೆಯ ಮೇಲೆ ಕುಳಿತು ಅವನ ಮೀಸೆ ಕಿತ್ತಳು. ನಾನೂ ಒದ್ದೆ. ಪಕ್ಕೆಗೆ, ಜಾಡಿಸಿ ಒದ್ದೆ. ಸುಳ್ಳೇಕೆ ಹೇಳಲಿ, ಹಾಯೆನಿಸಿತು.

ವೈನಿ ಮೂಲೆಯಲ್ಲಿ ಕುಳಿತಿದ್ದಳು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. "ಮಾವಶಿ, ಕೇಳಸ್ತೇನ?" ಎಂದು ಅತ್ತೆಯನ್ನು ಕೇಳಿದಳು. "ಕೇಳಸ್ತವಾ, ಕೇಳಸ್ತ," ಎಂದು ಅತ್ತೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಗ ವೈನಿ ಅತ್ತಳು. ಅಷ್ಟು ದಿನ ಅಳದೆ ಎಲ್ಲಿ ಇಟ್ಟಿದ್ದಳೋ...

ಮರುದಿನ ಹೆಂಗಸರೆಲ್ಲ ಒಟ್ಟಾಗಿಯೇ ವಖಾರಿಗೆ ಹೋದರು. ಅವನು ಯಾರನ್ನೂ ಮರಳಿ ಕಳಿಸಲಿಲ್ಲ, ಧೈರ್ಯವಿರಲಿಲ್ಲ. ಅಲ್ಲಿಂದ ಮುಂದೆ ಒಂದು ಮಳೆಗಾಲದವರೆಗೆ ಅವನು ಕೈ ಎತ್ತಲಿಲ್ಲ. ವೈನಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದಳು. ಮಧ್ಯಾಹ್ನ ಆ ಸಣ್ಣ ಸ್ಪೀಕರಿನಲ್ಲಿ ಮೆಲ್ಲಗೆ ಹಾಡು ಹಚ್ಚಿ, ಬಲಗಿವಿ ಅದರ ಕಡೆಗೆ ಇಟ್ಟುಕೊಂಡು ಕಾಜಾ ಗುಂಡಿ ಮಾಡುತ್ತಿದ್ದಳು. ಕೈ ತುಸು ದಪ್ಪ, ಹೊಲಿಗೆ ಸೊಟ್ಟ. "ನಿಮ್ಮ ಜಂಪರ ಹಾಕ್ಕೊಂಡವರು ಡೊಂಕಾಗೇ ಅಡ್ಡಾಡತಾರ ನೋಡ್ರಿ," ಎಂದು ನಾನು ಕಾಡಿದರೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಆಮೇಲೆ ಅವನು ಮನೆ ಕಟ್ಟಿಸಿದ. ಭೋಜ ಎಂಬ ಹಳ್ಳಿಯ ದಾರಿಯಲ್ಲಿ, ಹೊಲದ ನಡುವೆ. ಚಾಳಿನವರೆಲ್ಲ ಖುಷಿಪಟ್ಟರು, ಸ್ವಂತ ಮನೆ ಎಂದರೆ ಸಣ್ಣ ಮಾತೇ? ಅತ್ತೆ ವೈನಿಗೆ ಉಡಿ ತುಂಬಿದಳು. ಉಡಿಯ ಅಕ್ಕಿ ಹಿಡಿದುಕೊಂಡೇ ವೈನಿ ಗಂಡನನ್ನು ಕೇಳಿದಳು, "ಅಲ್ಲೆ ಆಜೂಬಾಜೂ ಯಾರ ಅದಾರ್ರಿ?"

"ಯಾರೂ ಇಲ್ಲ. ಸುತ್ತೂಕಡೆ ಕಬ್ಬ ಐತಿ," ಎಂದ ಅವನು. "ಶಾಂತ ಐತಿ."

ಅತ್ತೆಯೇ ಅವಳ ಕೈ ಹಿಡಿದು, ಅವನಿಗೆ ಕೇಳಿಸುವಂತೆ, "ಏನರೆ ಆದ್ರ ಒದರ ಯವ್ವಾ, ಓಡಿ ಬರತೀವಿ," ಎಂದಳು. "ಅಲ್ಲಿಂದ ಒದರಿದ್ರ ಕೇಳಸ್ತೈತೇನ ಮಾವಶಿ?" ಎಂದಳು ವೈನಿ. ಟ್ರ್ಯಾಕ್ಟರಿನಲ್ಲಿ ಸಾಮಾನೆಲ್ಲ ಹೋಯಿತು. ಸ್ಪೀಕರು ಮಾತ್ರ ಚಾಳಿನಲ್ಲೇ ಉಳಿದವು. ಅವನಿಗೆ ಅಲ್ಲಿ ಅವು ಬೇಕಾಗಿರಲಿಲ್ಲ.

ಸುದ್ದಿ ಬಂದಾಗ ಕಬ್ಬು ಇನ್ನೂ ಕಟಾವಿಗೆ ಬಂದಿರಲಿಲ್ಲ. ಸ್ಟೋ ಭಡಕಾ ಆಗಿ, ಸೀರೆಗೆ ಬೆಂಕಿ ಹತ್ತಿ ಸುಟ್ಟುಕೊಂಡಳು ಎಂದರು. ದವಾಖಾನೆಯಲ್ಲಿ ಬಾಳೆ ಎಲೆಯ ಮೇಲೆ ಮಲಗಿಸಿದ್ದರು, ನಾವು ಮುಟ್ಟುವುದರೊಳಗೆ ಮುಗಿದಿತ್ತು. ವೈನಿ ಜೀವನದಲ್ಲಿ ಸ್ಟೋ ಮುಟ್ಟಿದವಳಲ್ಲ, ಅವಳದು ಕಟ್ಟಿಗೆಯ ಒಲೆ. ಅತ್ತೆ ಪೊಲೀಸ್ ಫೌಜದಾರನ ಮುಂದೆ ನಿಂತು ಎದೆ ಬಡಿದುಕೊಂಡು ಅದನ್ನೇ ಹೇಳಿದಳು. "ಹೊಸಾದು ತಂದಿದ್ನಿರಿ," ಎಂದ ಮುಕಾದಮ. ಅವಳ ಕೂಗು ಕೇಳಿದವರು ಯಾರಾದರೂ ಇದ್ದಾರೇನು ಎಂದು ಫೌಜದಾರ ಕೇಳಿದ. ಯಾರಿದ್ದರು, ಕಬ್ಬಿನಲ್ಲಿ? ಅಲ್ಲಿಗೆ ಮುಗಿಯಿತು. ಅತ್ತೆ ಸಾಯುವ ತನಕ ಆ ದಾರಿಯ ಬಸ್ಸು ಹತ್ತಲಿಲ್ಲ.

ಆ ದಿನ ಅಂಗಡಿಯಲ್ಲಿ ನೀರು ಕುಡಿದು ಸುಧಾರಿಸಿಕೊಂಡು ಸ್ಪೀಕರ್ ಕೊಂಡೆವು. ಮಗಳು ಖುಷಿಯಾಗಿದ್ದಾಳೆ. ನಮ್ಮ ಅಪಾರ್ಟ್‌ಮೆಂಟಿನವರಿಗೆ ಮಾತ್ರ ನನ್ನ ಮೇಲೆ ಸಿಟ್ಟು. ಯಾರ ಮನೆಯಲ್ಲಿ ಹಾಡು ಜೋರಾದರೂ ನಾನು ಎದ್ದುಹೋಗಿ ಬಾಗಿಲು ಬಡಿಯುತ್ತೇನೆ. ಮುದುಕಿಗೆ ಸಂಗೀತ ಸೇರುವುದಿಲ್ಲ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಗಿಲು ತೆರೆದವನ ಹೆಗಲ ಮೇಲಿಂದ ಇಣುಕಿ ಒಳಗಿನ ಹೆಂಗಸಿನ ಮುಖ ನೋಡುತ್ತೇನೆ. ಅವಳು ನಕ್ಕರೆ, ಏನೋ ಒಂದು ನೆಪ ಹೇಳಿ ಮರಳುತ್ತೇನೆ. ಹೀಗೆ ಎಷ್ಟೋ ಬಾಗಿಲು ಬಡಿದೆ... ಭೋಜದ ದಾರಿಯ ಆ ಬಾಗಿಲನ್ನು ಮಾತ್ರ ಯಾರೂ ಬಡಿಯಲಿಲ್ಲ.