ನಿರ್ದೇಶಕರ ಮೆಚ್ಚಿನ ಸಿನಿಮಾದಲ್ಲಿ ಜಯಕ್ಕನ ಅಮ್ಮ

'ಇವ್ರೆಲ್ಲಾ ಇಲ್ಲಿಂದ ಯಾವ್ದಾದ್ರೂ ಮದ್ವೆಗೆ ಹೋಗ್ತಿದ್ದಾರಾ ಮೇಡಂ?'

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬನಶಂಕರಿಯ ಪುಟ್ಟ ಹಾಲ್ ಒಂದರಲ್ಲಿ, ಹೆಸರಾಂತ ಸಿನಿಮಾ ನಿರ್ದೇಶಕರೊಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ ಹೀಗೆ ಕೇಳಿದರು. ಅವರ ಕಣ್ಣು ಮುಂದಿನ ಸಾಲಿನ ಮೇಲಿತ್ತು. ಅಲ್ಲಿ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಹೆಂಗಸರು. ಅವರ ಪಕ್ಕ ಬಿಳಿ ಪಂಚೆ, ಜರಿ ಶಲ್ಯದ ಹಿರಿಯರೊಬ್ಬರು. ತೊಡೆಯ ಮೇಲೆ ಮಗು ಕೂರಿಸಿಕೊಂಡ ಸೊಸೆ. ಎಲ್ಲರೂ ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದರು.

ಮದುವೆಗಲ್ಲ ಸಾರ್, ನೀವು ತಂದಿರುವ ಸಿನಿಮಾ ನೋಡಲು ಬಂದಿದ್ದಾರೆ ಎಂದೆ. ಅವರಿಗೆ ಖುಷಿಯಾಯಿತು. ಅಭಿಮಾನಿಗಳೆಂದುಕೊಂಡು ಅತ್ತ ಕೈಮುಗಿದರು. ಅಷ್ಟೂ ಜನ ಎದ್ದು ನಿಂತು ಕೈಮುಗಿದರು. ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಇರಲಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಸಿನಿಮಾ ಹುಚ್ಚು ನಿಮಗೆ ಗೊತ್ತೇ ಇದೆ (ಗೊತ್ತಿಲ್ಲದವರು ಈ ಅಂಕಣಕ್ಕೆ ಹೊಸಬರು, ಸ್ವಾಗತ). ಆ ಹುಚ್ಚಿನ ಒಳಗೆ ಇನ್ನೊಂದು ಮರಿ ಹುಚ್ಚು ಇದೆ. ಒಬ್ಬ ನಿರ್ದೇಶಕ ನನಗೆ ಇಷ್ಟವಾದರೆ, ಅವರಿಗೆ ಯಾರ ಸಿನಿಮಾ ಇಷ್ಟ ಎಂದು ಹುಡುಕಿಕೊಂಡು ಹೋಗುತ್ತೇನೆ. ಒಳ್ಳೆಯ ಸಾರು ಉಂಡವರು 'ಪುಡಿ ಮನೇಲೇ ಮಾಡಿದ್ದಾ?' ಎಂದು ಕೇಳುವುದಿಲ್ಲವೇ, ಹಾಗೆ. ನಾನು ಮೆಚ್ಚಿದವರು ಯಾರನ್ನು ಮೆಚ್ಚಿದರು? ತಿಳಿದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಕತ್ರಿಗುಪ್ಪೆ, ಜಯನಗರ, ಜೆಪಿ ನಗರದ ಇಂಥದೇ ಕೆಲವು ತಲೆಕೆಟ್ಟವರು ಸೇರಿ ಒಂದು ಕ್ಲಬ್ ಮಾಡಿಕೊಂಡಿದ್ದೇವೆ. ಒಬ್ಬ ನಿರ್ದೇಶಕರನ್ನು ಕರೆಯುವುದು. ಅವರು ತಮ್ಮ ಎದೆಗೆ ಹತ್ತಿರದ ಬೇರೊಬ್ಬರ ಸಿನಿಮಾವನ್ನು ತಾವೇ ತರಬೇಕು. ಹೆಸರು ಮೊದಲೇ ಹೇಳುವಂತಿಲ್ಲ. ಲೈಟ್ ಆರಿದ ಮೇಲೇ ನಮಗೆ ಗೊತ್ತಾಗಬೇಕು. ಸಿನಿಮಾ ಮುಗಿದ ಮೇಲೆ ಫಿಲ್ಟರ್ ಕಾಫಿ, ಮಾತು.

ಇಷ್ಟು ದಿನದಲ್ಲಿ ನಾನು ಕಂಡುಕೊಂಡ ಒಂದು ಸತ್ಯ ಹೇಳಲೇ? ನಮ್ಮ ನಿರ್ದೇಶಕರಿಗೆ ಇಷ್ಟವಾಗುವ ಸಿನಿಮಾಗಳೆಲ್ಲ ತುಂಬಾ ದೂರದವು. ತೆಗೆದವರು ತೀರಿಹೋಗಿರಬೇಕು. ಕಪ್ಪು ಬಿಳುಪಾದರೆ ಇನ್ನೂ ಒಳ್ಳೆಯದು. ಪಕ್ಕದ ಬೀದಿಯಲ್ಲಿ ಬದುಕಿರುವವರ ಸಿನಿಮಾ ಇಷ್ಟ ಎಂದವರನ್ನು ನಾನಿನ್ನೂ ನೋಡಿಲ್ಲ. ಸತ್ತವರನ್ನು ಹೊಗಳಿದರೆ ಏನು ನಷ್ಟ? ಅವರು ಮುಂದಿನ ವರ್ಷದ ಪ್ರಶಸ್ತಿಗೆ ಪೈಪೋಟಿಗೆ ಬರುವುದಿಲ್ಲವಲ್ಲ.

ಈಗ ಜಯಕ್ಕನ ವಿಷಯಕ್ಕೆ ಬರುತ್ತೇನೆ.

ನನ್ನ ಹಳೆಯ ಸ್ನೇಹಿತೆ ಜಯಕ್ಕ ಹೊಸಕೆರೆಹಳ್ಳಿಯವರು. ಅಂದರೆ ಅಪಾರ್ಟ್‌ಮೆಂಟುಗಳು ಬರುವುದಕ್ಕೆ ಮೊದಲಿನ ಹೊಸಕೆರೆಹಳ್ಳಿಯವರು. ಕೆರೆಯ ಕೆಳಗೆ ಅವರ ಗದ್ದೆ ಇತ್ತು, ಸೊಪ್ಪಿನ ಮಡಿ ಇತ್ತು. ಈಗ ಅಲ್ಲಿ ಬಾಡಿಗೆ ಮನೆಗಳಿವೆ. ಅವರನ್ನು ಇವತ್ತು ನೋಡಿದರೆ ನೀರಿನ ಮೋಟರ್ ಆಫ್ ಮಾಡದ ಬಾಡಿಗೆದಾರರಿಗೆ ಬಯ್ಯುವ ಓನರ್ ಆಂಟಿ ಅಷ್ಟೇ. ಆದರೆ ಈ ಆಂಟಿ ಒಂದು ಕಾಲದಲ್ಲಿ ಒಂದು ಸಿನಿಮಾ ತೆಗೆದಿದ್ದರು. ಒಂದೇ ಒಂದು. ಗದ್ದೆ ಇನ್ನೂ ಇದ್ದಾಗ, ತಮ್ಮದೇ ಮನೆಯಲ್ಲಿ, ತಮ್ಮದೇ ಊರಿನ ಜನರನ್ನು ಹಾಕಿಕೊಂಡು.

ಅಜ್ಜಿಯ ಪಾತ್ರಕ್ಕೆ ಒಬ್ಬ ನಟಿಯನ್ನು ಗೊತ್ತುಮಾಡಿದ್ದರಂತೆ. ಶೂಟಿಂಗ್ ದಿನ ಅವರು ಬರಲೇ ಇಲ್ಲ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಜಯಕ್ಕನ ಅಮ್ಮ ಅಡುಗೆಮನೆಯಿಂದ ಬಂದು, ಬರೀ ಕೂತ್ಕೊಳ್ಳೋದು ತಾನೇ, ನಾನೇ ಕೂತ್ಕೊಳ್ತೀನಿ ಬಿಡಿ ಎಂದರಂತೆ. ಕೂತರು. ಇಡೀ ಸಿನಿಮಾ ಅವರದ್ದೇ ಆಯಿತು.

ಆ ಸಿನಿಮಾ ಯಾವುದೋ ಥಿಯೇಟರಿನಲ್ಲಿ ಮಾರ್ನಿಂಗ್ ಶೋ ಆಗಿ ಓಡಿ (ಓಡಿತು ಅನ್ನುವುದು ಮರ್ಯಾದೆಗೆ) ಮಾಯವಾಯಿತು. ಲ್ಯಾಬ್ ಮುಚ್ಚಿತು, ನೆಗೆಟಿವ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಫೆಸ್ಟಿವಲ್‌ಗಳಿಗೆ ಕಳಿಸಲೆಂದು ಮಾಡಿಸಿದ್ದ ಡಿವಿಡಿಗಳು ಅಲ್ಲಲ್ಲೇ ಉಳಿದುಹೋದವು. ಜಯಕ್ಕನ ಹತ್ತಿರ ಇದ್ದದ್ದಕ್ಕೆ ಫಂಗಸ್ ಹಿಡಿಯಿತು. ಅಮ್ಮ ತೀರಿಹೋದ ಮೇಲೆ ಮನೆಯವರಿಗೆಲ್ಲ ಆ ಸಿನಿಮಾ ನೆನಪಾಯಿತು. ಮನೆಯಲ್ಲಿ ಫೋಟೋ ಇದೆ, ಅದಕ್ಕೆ ಹಾರ ಇದೆ. ಆದರೆ ಅಮ್ಮ ನಡೆಯುವುದು, ಹಸುವಿಗೆ ಬಯ್ಯುವುದು, ಆ ದನಿ, ಇವೆಲ್ಲ ಇದ್ದದ್ದು ಅದರಲ್ಲಿ ಮಾತ್ರ. ಜಯಕ್ಕ ಕಂಡಕಂಡವರನ್ನು ಕೇಳಿದರು. ನಾನೂ ಕೇಳಿದೆ. ಎಲ್ಲೂ ಸಿಗಲಿಲ್ಲ.

ಹೀಗಿರುವಾಗ ಈ ವರ್ಷದ ಶುರುವಿನಲ್ಲಿ ಎಡಿಟರ್ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಗದಗ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ, ಈ ಹೆಸರಾಂತ ನಿರ್ದೇಶಕರ ಬಳಿ ಕೆಲಸ. ನನ್ನ ಮರಿ ಹುಚ್ಚು ಸುಮ್ಮನಿರುತ್ತದೆಯೇ? ನಿಮ್ಮ ಸಾರ್‌ಗೆ ಯಾರ ಸಿನಿಮಾ ಇಷ್ಟ ಎಂದು ಕೇಳಿದೆ. ಅವರು ನಕ್ಕರು. ಸಂದರ್ಶನದಲ್ಲಿ ಹೇಳುವುದು ಬೇರೆ, ಆಫೀಸಿನಲ್ಲಿ ನೋಡುವುದು ಬೇರೆ ಎಂದರು. ಪ್ರತಿ ಸಿನಿಮಾದ ಶೂಟಿಂಗ್‌ಗೆ ಮೊದಲು ಇಡೀ ಯೂನಿಟ್ಟನ್ನು ಜೆಪಿ ನಗರದ ಆಫೀಸಿನಲ್ಲಿ ಕೂರಿಸಿ, ಎಲ್ಲರ ಫೋನ್ ಇಸಿದುಕೊಂಡು, ಬಾಗಿಲು ಹಾಕಿ, ಹಳೆಯ ಡಿವಿಡಿಯಲ್ಲಿ ಒಂದು ಸಿನಿಮಾ ತೋರಿಸುತ್ತಾರಂತೆ. ಪ್ರತಿ ಸಲವೂ ಅದೇ ಸಿನಿಮಾ. ಹೆಸರು ಬರುವ ಭಾಗವನ್ನು ಮಾತ್ರ ಓಡಿಸಿಬಿಡುತ್ತಾರಂತೆ.

ಏನಿದೆ ಅದರಲ್ಲಿ ಎಂದೆ.

'ಒಬ್ಬಾಕಿ ಮುದುಕಿ ಅದಾಳ್ರಿ. ಗಂಡನ್ನ ಮಣ್ಣು ಮಾಡಿ ಬಂದಿರ್ತಾರ. ಆಕಿ ಕಾಲು ತೊಳ್ಕೊಂಡು ಒಳಗ ಬಂದು, ಮೊರ ಹಿಡ್ಕೊಂಡು ಅಕ್ಕಿ ಆರಿಸ್ಕೋತ ಕೂಡ್ತಾಳ್ರಿ. ಅಳಂಗಿಲ್ಲ. ಕಡೀಕ ತಲಿ ಎತ್ತಿ ಒಮ್ಮೆ ಹಿಂಗ ನೋಡ್ತಾಳ. ಮೈ ಜುಮ್ ಅಂತೈತಿ ಮೇಡಂ.'

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ದೃಶ್ಯವನ್ನು ಜಯಕ್ಕನ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ ನಾನು. ಇನ್ನೊಂದೂ ಹೊಳೆಯಿತು. ಈ ನಿರ್ದೇಶಕರಿಗೆ ದೊಡ್ಡ ಹೆಸರು ತಂದ ಸಿನಿಮಾದಲ್ಲೂ ಒಬ್ಬ ಅಜ್ಜಿ ಹೀಗೇ ಕೂರುತ್ತಾಳೆ, ಹೀಗೇ ತಲೆ ಎತ್ತುತ್ತಾಳೆ. ಅಕ್ಕಿಯ ಬದಲು ತೊಗರಿಬೇಳೆ ಇತ್ತು, ಅಷ್ಟೇ.

ಅವರ ಆಫೀಸಿಗೆ ಫೋನ್ ಮಾಡಿದೆ. ಮ್ಯಾನೇಜರ್, ಮೇಲ್ ಹಾಕಿ ಎಂದರು. ಹಾಕಿದೆ. ಮೇಲ್ ಎಲ್ಲಿಗೆ ಹೋಯಿತೋ! ಕೊನೆಗೆ ಜಯಕ್ಕನಿಗೇ ಹೇಳಿದೆ. ಅವರು ಬೇಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಡಿವಿಡಿ ಸರಿಯಾಗಿ ಓಡುತ್ತದಾ, ದನಿ ಕೇಳುತ್ತದಾ ಎಂದು ಕೇಳಿದರು. ಆಮೇಲೆ, ಮನೆ ಬಾಗಿಲಿಗೆ ಹೋಗಿ ಬೇಡುವುದು ಬೇಡ ಎಂದರು.

'ನಿಮ್ಮ ಕ್ಲಬ್ಬಿಗೆ ಕರಿಯೇ ಅವ್ರನ್ನ. ಇಷ್ಟದ ಸಿನಿಮಾ ತನ್ನಿ ಅಂದ್ರೆ ಇನ್ನೇನ್ ತರ್ತಾರೆ? ಅವ್ರಾಗೇ ತಂದು, ಅವ್ರಾಗೇ ಹಾಕ್ಲಿ. ನಮ್ಮಣ್ಣನೂ ನೋಡ್ದಂಗಾಗತ್ತೆ.'

ನನಗೂ ಅದೇ ಸರಿ ಕಂಡಿತು. ಇಷ್ಟು ವರ್ಷ ಸಿನಿಮಾ ನೋಡಿಯೂ ನಾನು ನಂಬಿದೆ ನೋಡಿ! ಒಬ್ಬ ಮನುಷ್ಯ ಒಂದು ಸಿನಿಮಾವನ್ನು ಅಷ್ಟು ಸಲ, ಅಷ್ಟು ಭಕ್ತಿಯಿಂದ ನೋಡಿದ್ದರೆ, ನಾಲ್ಕು ಜನರ ಮುಂದೆ ಹೇಳದೇ ಇರುತ್ತಾನೆಯೇ? ಈ ಸಲ ಅವರು ಫೋನಿಗೆ ಸಿಕ್ಕರು. ಶೂಟಿಂಗ್‌ಗೆ ಮೊದಲು ಯೂನಿಟ್‌ಗೆ ತೋರಿಸುತ್ತೀರಂತಲ್ಲ, ಅಂಥದ್ದೇ ಬೇಕು ಸಾರ್ ಎಂದೆ. ಎದೆಗೆ ಹತ್ತಿರ ಇರೋದನ್ನೇ ತರ್ತೀನಿ ಮೇಡಂ ಎಂದರು. ಜಯಕ್ಕನ ಮನೆಯಲ್ಲಿ ಸೀರೆಗಳಿಗೆ ಇಸ್ತ್ರಿ ಬಿತ್ತು.

ಲೈಟ್ ಆರಿತು.

ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಕಪ್ಪು ಬಿಳುಪು. ಕೋಟು ತೊಟ್ಟ ಒಬ್ಬ ವಿದೇಶಿ ಒಂದು ಕುದುರೆಯನ್ನು ಎಳೆದುಕೊಂಡು ಹೋಗುತ್ತಿದ್ದ. ಹೋಗುತ್ತಲೇ ಇದ್ದ. ಬದಲಾಯಿಸಿ ಎಂದು ಕೂಗಲೇ? ಎದ್ದು ಹೋಗಿ ಜಯಕ್ಕನ ಪಕ್ಕ ಕೂರಲೇ? ಏನೂ ಮಾಡದೆ ಕೂತೆ. ಬಹಳ ಹೊತ್ತಾದ ಮೇಲೆ ಮುಂದಿನ ಸಾಲಿನಿಂದ ಜಯಕ್ಕನ ಅಣ್ಣನ ದನಿ ಕೇಳಿತು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಇಡೀ ಹಾಲ್‌ಗೆ ಕೇಳಿತು.

'ಅವ್ವ ಯಾವಾಗ್ ಬರ್ತಾಳೆ ಜಯಾ?'

ಹಿಂದೆ ಯಾರೋ ಶ್ ಎಂದರು. ಆ ಕುಟುಂಬದ ಒಬ್ಬರೂ ನಡುವೆ ಎದ್ದು ಹೋಗಲಿಲ್ಲ. ಕರೆದವರಿಗೆ ಅವಮಾನವಾಗಬಾರದಲ್ಲ! ಆ ಕುದುರೆ ಸಾಯುವ ತನಕ ಕೂತಿದ್ದರು. ಮಗು ಮಾತ್ರ ನಿದ್ದೆ ಹೋಗಿತ್ತು.

ಚಪ್ಪಾಳೆ ಜೋರಾಗಿತ್ತು. ನಿರ್ದೇಶಕರು ಹಿಮದ ಬಗ್ಗೆ, ಮೌನದ ಬಗ್ಗೆ, ಕಾಲದ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಅದನ್ನು ಇಲ್ಲ ಎನ್ನಲಾರೆ. ಪ್ರಶ್ನೆಗಳ ಸಮಯ ಬಂತು. ನಾನು ಮೈಕ್ ತೆಗೆದುಕೊಂಡೆ. ಶೂಟಿಂಗ್‌ಗೆ ಮೊದಲು ನಿಮ್ಮ ಯೂನಿಟ್‌ಗೆ ಒಂದು ಕನ್ನಡ ಸಿನಿಮಾ ತೋರಿಸುತ್ತೀರಲ್ಲ, ಅಜ್ಜಿಯೊಬ್ಬಳು ಅಕ್ಕಿ ಆರಿಸುವುದು, ಅದನ್ನು ಯಾಕೆ ತರಲಿಲ್ಲ ಎಂದು ಕೇಳಿದೆ. ಅವರ ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು. ನಾನು ನೋಡಿದೆ. ಆಮೇಲೆ ನಕ್ಕರು.

'ಓ, ಅದಾ? ಅದು ಹೇಗೆ ಸಿನಿಮಾ ಮಾಡ್ಬಾರ್ದು ಅಂತ ಹುಡುಗ್ರಿಗೆ ತೋರ್ಸೋಕೆ ಇಟ್ಕೊಂಡಿರೋದು ಮೇಡಂ.'

ಹಾಲ್ ನಕ್ಕಿತು. ನಮ್ಮ ಕ್ಲಬ್ಬಿನವರೇ, ನನ್ನ ಸ್ನೇಹಿತರೇ ನಕ್ಕರು. ಬುದ್ಧಿವಂತರ ನಗುವಿನಷ್ಟು ಅಸಹ್ಯವಾದದ್ದು ಇನ್ನೊಂದಿಲ್ಲ ಎಂದು ನನಗೆ ಅವತ್ತು ಅನ್ನಿಸಿತು, ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಜಯಕ್ಕ ಎದ್ದು ನಿಂತರು. ಮೈಕ್ ಬೇಡ ಎಂದು ಕೈಯಾಡಿಸಿದರು. ಸೆರಗು ಹೊದ್ದುಕೊಂಡರು. ಬಾಡಿಗೆದಾರರಿಗೆ ಬಯ್ಯುವ ದನಿ ಅದಾಗಿರಲಿಲ್ಲ.

'ಕಲ್ಸಿ ಆಗಿದ್ರೆ ವಾಪಸ್ ಕೊಡಿ ಸಾರ್. ನಮ್ಮತ್ರ ಒಂದೂ ಇಲ್ಲ. ಅದ್ರಲ್ಲಿರೋದು ನಮ್ಮಮ್ಮ.'

ನಿರ್ದೇಶಕರು ಕೂಡಲೇ ವೇದಿಕೆಯಿಂದ ಇಳಿದು ಬಂದರು. ಜಯಕ್ಕನ ಎರಡೂ ಕೈ ಹಿಡಿದುಕೊಂಡು, ತಾಯಿ ಅಂದರೆ ದೇವರು, ನಾಳೆಯೇ ಕಳಿಸುತ್ತೇನೆ ಎಂದರು. ಬಗ್ಗಿ ಅಣ್ಣನ ಕಾಲು ಮುಟ್ಟಿದರು. ಇಷ್ಟು ದೊಡ್ಡ ಮನುಷ್ಯನಾದರೂ ಎಷ್ಟು ಸಿಂಪಲ್ ಎಂದು ಜನ ಕಾಫಿ ಕುಡಿಯುತ್ತ ಮಾತಾಡಿಕೊಂಡರು. ಸೆಲ್ಫಿಗೆ ಸಾಲು ನಿಂತಿತು. ಜಯಕ್ಕನ ಮನೆಯವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಫೋಟೋ ತೆಗೆಸಿಕೊಂಡರು. ಸಂಜೆಯೊಳಗೆ ಅದು ಅವರ ಪೇಜಿನಲ್ಲಿತ್ತು, ಮಣ್ಣಿನ ಜನರ ಜೊತೆ ಒಂದು ಬೆಳಗು ಎಂಬ ಸಾಲಿನೊಂದಿಗೆ.

ಡಿವಿಡಿ ಬರಲಿಲ್ಲ.

ನಾನು ಫೋನ್ ಮಾಡುತ್ತಲೇ ಹೋದೆ. ಮೊದಲು, ಸಾರ್ ಊರಲ್ಲಿಲ್ಲ. ಆಮೇಲೆ, ಹುಡುಕಿಸುತ್ತಿದ್ದೇವೆ. ಕೊನೆಗೆ ಮ್ಯಾನೇಜರ್ ಹೇಳಿದ್ದು, ಆಫೀಸ್ ಶಿಫ್ಟ್ ಮಾಡುವಾಗ ಹಳೆಯ ಡಿಸ್ಕ್‌ಗಳನ್ನೆಲ್ಲ ಗುಜರಿಗೆ ಹಾಕಿದೆವು, ಸಾರ್‌ಗೂ ತುಂಬಾ ಬೇಜಾರಾಗಿದೆ. ಹಳೆಯ ವಸ್ತು ಅಲ್ಲವೇ, ಇರಬಹುದು ಎಂದುಕೊಂಡೆ. ಜಯಕ್ಕನಿಗೆ ಅದನ್ನೇ ಹೇಳಿದೆ. ಅವರು ಆಯ್ತು ಬಿಡು ಎಂದರು.

ಮೊನ್ನೆ ಎಡಿಟರ್ ಮತ್ತೆ ಬಂದಿದ್ದರು. ಈ ವಾರವಷ್ಟೇ ಆ ಕೆಲಸ ಬಿಟ್ಟಿದ್ದಾರೆ (ಇದನ್ನು ಬರೆಯಿರಿ ಎಂದವರೂ ಅವರೇ). ಹೋದ ವಾರ ಅಂಜನಾಪುರದ ಒಂದು ಮನೆಯಲ್ಲಿ ಹೊಸ ಸಿನಿಮಾದ ಯೂನಿಟ್ಟನ್ನು ಕೂರಿಸಿದ್ದರಂತೆ. ಫೋನ್ ಇಸಿದುಕೊಂಡರು, ಬಾಗಿಲು ಹಾಕಿದರು. ಅದೇ ಸಿನಿಮಾ. ಮುದುಕಿ ತಲೆ ಎತ್ತಿ ನೋಡುವ ಜಾಗದಲ್ಲಿ ನಿಲ್ಲಿಸಿ, ನಿರ್ದೇಶಕರು ಕಣ್ಣೊರೆಸಿಕೊಂಡರಂತೆ. ನಾನು ಸಾಯುವುದರೊಳಗೆ ಇಂಥ ಒಂದು ನೋಟ ತೆಗೆದರೆ ಸಾಕು, ಇದಕ್ಕಿಂತ ದೊಡ್ಡ ಆ್ಯಕ್ಟಿಂಗ್ ಜಗತ್ತಿನ ಯಾವ ಸಿನಿಮಾದಲ್ಲೂ ಇಲ್ಲ ಎಂದರಂತೆ.

ಕಣ್ಣೀರು ನಿಜವೇ ಇರಬೇಕು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಮೆಚ್ಚದೇ ಕಳೆದುಹಾಕಿದ್ದರೆ ಮರೆಗುಳಿ ಎಂದುಕೊಳ್ಳುತ್ತಿದ್ದೆ. ಇವರು ಮೆಚ್ಚಿ ಬಚ್ಚಿಟ್ಟವರು. ಅಳುವುದಕ್ಕೂ ಬಾಗಿಲು ಹಾಕಿಕೊಳ್ಳುವ ಈ ಮನುಷ್ಯನನ್ನು ನಾನು ಇಷ್ಟು ವರ್ಷ ಹೊಗಳಿಕೊಂಡು ತಿರುಗಿದೆನಲ್ಲ! ಲಾಯರ್ ಒಬ್ಬರನ್ನು ನೋಡೋಣ ಎಂದು ಹೇಳಲು ಜಯಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಕಣ್ಣೊರೆಸಿಕೊಂಡದ್ದನ್ನೂ ಬಿಡಲಿಲ್ಲ.

ಅವರು ಲಾಯರ್ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾವ ಜಾಗದಲ್ಲಿ ನಿಲ್ಲಿಸಿದರು ಎಂದು ಮತ್ತೆ ಕೇಳಿದರು. ಅಮ್ಮ ತಲೆ ಎತ್ತಿ ನೋಡುವಲ್ಲಿ ಎಂದೆ.

'ಅದು ಆ್ಯಕ್ಟಿಂಗ್ ಅಲ್ಲ ಕಣೇ. ಶಾಟ್ ಮುಗೀತೋ ಇಲ್ವೋ ಅಮ್ಮಂಗೆ ಗೊತ್ತಾಗ್ಲಿಲ್ಲ. ಕ್ಯಾಮೆರಾ ಪಕ್ಕ ನಾನಿದ್ನಲ್ಲ, ನನ್ನ ನೋಡಿದ್ಳು, ಸಾಕೇನೇ ಅಂತ.'

ಸಾಕಾಯಿತೇ ಸಾರ್?