ಹಾಲಿನ ಕಳ್ಳಿ ಎಂದವಳು

ಆಯಮ್ಮನ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿ ಜೋತಾಡುತ್ತಿತ್ತು. ಯಾರೋ ಓಲೆ ಹಿಡಿದು ಎಳೆದಿದ್ದರಂತೆ. ಯಾರು ಎಂದು ಕೇಳುವ ಧೈರ್ಯ ಆ ಟೀ ತೋಟದಲ್ಲಿ ಯಾರಿಗೂ ಇರಲಿಲ್ಲ. ಸಿಟ್ಟು ಬಂದಾಗ ಆ ಸೀಳು ಕೆಂಪಗಾಗುತ್ತಿತ್ತು. ಸಿಟ್ಟಿಲ್ಲದ ಹೊತ್ತಿನಲ್ಲಿ ಆಕೆಯನ್ನು ನಾನು ಕಂಡದ್ದೇ ಕಡಿಮೆ.

ನನ್ನ ಯಜಮಾನರು ಕುದಾಪುರದ ಹುಲ್ಲಿನ ಕಾವಲಿನಲ್ಲಿ ದನ ನೋಡಿಕೊಳ್ಳುತ್ತಿದ್ದರು. ಸಿಲೋನಿನ ತೋಟದ ದೊರೆಯೊಬ್ಬ ಗಾಡಿ ಎಳೆಯಲು ನಮ್ಮ ಸೀಮೆಯ ಎತ್ತುಗಳನ್ನು ತರಿಸಿಕೊಂಡಾಗ ಅವುಗಳ ಜೊತೆಗೆ ನಾವೂ ಹೋದೆವು. ಮೂರು ವರ್ಷದ ಕರಾರು. ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು. ರೈಲು ಇಳಿದು ಹಡಗು ಹತ್ತಿ, ಹಡಗು ಇಳಿದು ಮತ್ತೆ ಬೆಟ್ಟ ಹತ್ತಿದರೆ ಅಲ್ಲಿ ಮಳೆ. ನಮ್ಮೂರಲ್ಲಿ ಮೋಡ ಕಂಡರೆ ಜನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು; ಅಲ್ಲಿ ಎರಡು ತಿಂಗಳು ಬಿಸಿಲನ್ನೇ ಕಾಣದೆ ಕೂತೆವು. ಮಗಳ ಬಟ್ಟೆಗಳನ್ನು ಒಲೆಯ ಮೇಲೆ ಹಿಡಿದು ಒಣಗಿಸುತ್ತಿದ್ದೆ. ಹೊಗೆಯ ವಾಸನೆಯ ಅಂಗಿ ತೊಟ್ಟು, ಕಾಲಿಗೆ ಹತ್ತಿದ ಜಿಗಣೆಗಳನ್ನು ತೋರಿಸಿ ಅವಳು ಅಳುತ್ತಿದ್ದಳು. ತೆಂಗಿನಕಾಯಿ ಹಾಲಿನ ಸಾರು ಅವಳಿಗೆ ಸೇರಲಿಲ್ಲ. ರಾಗಿ ಮುದ್ದೆ ಕೇಳುತ್ತಿದ್ದಳು. ಎಲ್ಲಿಂದ ತರಲಿ?

ಹೆಂಗಸರು ಎಲೆ ಕೀಳಲು ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳಲು ಒಂದು ತಗಡಿನ ಕೊಠಡಿ ಇತ್ತು. ಆಯಮ್ಮ ಅಲ್ಲಿನ ಯಜಮಾನಿ. ಮೊಳಕಾಲ್ಮೂರಿನ ಕಡೆಯವಳು, ತೆಲುಗಿನವಳು, ಬಂದು ಹದಿನೈದು ವರ್ಷವಾಗಿತ್ತು. ನಮ್ಮ ಸೀಮೆಯವಳೊಬ್ಬಳು ಸಿಕ್ಕಳಲ್ಲ ಎಂದು ಮೊದಲ ದಿನ ಓಡಿಹೋಗಿ ಮಾತಾಡಿಸಿದೆ. ಆಕೆ ನನ್ನ ಕಂಕುಳಲ್ಲಿದ್ದ ಮಗುವನ್ನು ನೋಡಿ ಮುಖ ಸಿಂಡರಿಸಿದಳು.

"ಏಮೇ, ಹಾಲು ಕುಡಿಯೋ ಕೂಸು ಕಟ್ಕೊಂಡು ಈ ಮಸಣಕ್ಕೆ ಯಾಕೆ ಬಂದೆ? ಅಲ್ಲಿ ಮಣ್ಣಿರ್ಲಿಲ್ವಾ ಹೂಣಾಕೆ?"

ಆವತ್ತೇ ನನಗೆ ಆಕೆ ಹಗೆಯಾದಳು. ನಾನೂ ಎಲೆ ಕಿತ್ತು ಬಂದು ಸಂಜೆ ಮಗಳನ್ನು ಕರೆತರಲು ಹೋದರೆ ಹಳೆ ಸೀರೆಯ ತುಂಡಿನಿಂದ ಅವಳ ಸೊಂಟವನ್ನು ಕಂಬಕ್ಕೆ ಕಟ್ಟಿದ್ದಳು. ಅಲ್ಲಿದ್ದ ಮಕ್ಕಳನ್ನೆಲ್ಲ ಹಾಗೆಯೇ ಕಟ್ಟಿದ್ದಳು. ನಾನು ಬೈದೆ. ಹಿಂದೆಯೇ ತೋಡು ಹರಿಯುತ್ತದೆ, ಬಿಚ್ಚಿ ಬಿಟ್ಟರೆ ಸಂಜೆಗೆ ಹೆಣ ಎತ್ತಬೇಕಾದೀತು ಎಂದು ಆಕೆಯೂ ಬೈದಳು. ಆಕೆ ಮಗುವನ್ನು ಎತ್ತಿ ಮುದ್ದಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಲೋಟದಲ್ಲಿ ಹಾಲು ಕೊಡುವಾಗಲೂ ಮೂಗು ಹಿಡಿದು ಕುಡಿಸುತ್ತಿದ್ದಳು. ಆಕೆಯ ಮಕ್ಕಳಿಬ್ಬರೂ ಅಲ್ಲೇ ಜ್ವರದಲ್ಲಿ ಸತ್ತಿದ್ದರೆಂದು ಉಳಿದ ಹೆಂಗಸರು ಹೇಳಿದರು. ಕೇಳಿದ ಮೇಲೂ ನನಗೆ ಮರುಕ ಹುಟ್ಟಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಮಗಳಿಗೆ ಚಳಿಜ್ವರ ಹಿಡಿಯಿತು. ಬಿಡುವುದು, ಮತ್ತೆ ಬರುವುದು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತು. ತೋಟದ ಕಂಪೌಂಡರು ಹೊಟ್ಟೆ ಒತ್ತಿ ನೋಡಿ, ಒಣ ಸೀಮೆಗೆ ಕರೆದುಕೊಂಡು ಹೋಗದಿದ್ದರೆ ಮುಂದಿನ ಮಳೆ ದಾಟುವುದಿಲ್ಲ ಎಂದರು. ಯಜಮಾನರು ಕೂಲಿಗಳ ಮೇಸ್ತ್ರಿಯ ಕಾಲು ಹಿಡಿದರು. ಕರಾರು ಮುಗಿಯಲು ಇನ್ನೂ ವರ್ಷವಿದೆ, ಬಿಡುಗಡೆಯ ಚೀಟಿ ಕೊಡಲಾಗದು, ಎತ್ತುಗಳನ್ನು ನೋಡುವವರು ಯಾರು ಎಂದು ಮೇಸ್ತ್ರಿ ಕೇಳಿದ. ಚೀಟಿ ಇಲ್ಲದೆ ಹಡಗು ಹತ್ತಲು ಬಿಡುತ್ತಿರಲಿಲ್ಲ. ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದರು.

ಅದಾಗಿ ವಾರಕ್ಕೆ, ಬೆಳಗಿನ ಹಾಜರಿಯ ಹೊತ್ತಿನಲ್ಲಿ, ಆಯಮ್ಮ ದೊರೆಯನ್ನೂ ಮೇಸ್ತ್ರಿಯನ್ನೂ ನಮ್ಮ ಬಾಗಿಲಿಗೆ ಕರೆತಂದಳು. ಕೂಲಿಗಳ ಸಾಲುಮನೆಯ ಜನರೆಲ್ಲ ನೆರೆದಿದ್ದರು.

"ಮಕ್ಕಳ ಹಾಲು ಕದ್ದೋಳು ಇವ್ಳೇ. ಒಳಗೆ ನೋಡ್ರಿ."

ನಮ್ಮ ಚಾಪೆಯ ಹಿಂದೆ ಹಾಲಿನ ಡಬ್ಬವಿತ್ತು. ನಾನು ಮಗಳ ತಲೆ ಮುಟ್ಟಿ ಆಣೆ ಮಾಡಿದೆ, ಎದೆ ಬಡಿದುಕೊಂಡೆ, ಆಕೆಯ ಜುಟ್ಟು ಹಿಡಿಯಲು ಹೋದೆ. ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಕಳ್ಳರ ಸಂಸಾರ ತನ್ನ ತೋಟದಲ್ಲಿ ಒಂದು ದಿನವೂ ಇರಕೂಡದು ಎಂದು ದೊರೆ ಹೇಳಿದ. ಎತ್ತುಗಳ ಗತಿ ಏನೆಂದು ಮೇಸ್ತ್ರಿ ಗೊಣಗಿದ್ದನ್ನೂ ಕೇಳದೆ ಅಲ್ಲೇ ಚೀಟಿ ಬರೆಸಿದ. ಮಧ್ಯಾಹ್ನದೊಳಗೆ ನಾವು ಗಂಟು ಹೊತ್ತು ಇಳಿದೆವು. ಆಕೆಯ ಬಾಗಿಲ ಮುಂದೆ ನಿಂತು, ನಿನ್ನ ನಾಲಿಗೆ ಸೇದಿಹೋಗಲಿ ಎಂದು ಶಪಿಸಿದೆ. ಆಕೆ ಒಂದು ಮಗುವಿನ ಮೂಗು ಒರೆಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಹಡಗಿನಲ್ಲಿ ದಡ ಮರೆಯಾದ ಮೇಲೆ ಯಜಮಾನರು ಬಾಯಿ ಬಿಟ್ಟರು.

"ಡಬ್ಬ ಇಟ್ಟೋನು ನಾನೇ. ಆಕೆ ಕೊಟ್ಟಿದ್ಲು."

ಅವರ ತೋಳು ಹಿಡಿದು ನನ್ನ ಕಡೆಗೆ ತಿರುಗಿಸಿಕೊಂಡೆ.

"ನಿನಗೆ ಹೇಳಬ್ಯಾಡ ಅಂದ್ಲು. ಗೊತ್ತಾದ್ರೆ ನಿನ್ ಮುಖ ನೋಡಿದ್ ಕೂಡ್ಲೇ ದೊರೆಗೆ ತಿಳಿದೋಗ್ತೈತೆ ಅಂದ್ಲು. ಅವಳು ನನ್ ಕೊಲ್ಲಾಕೆ ಬರ್ಬೇಕು, ಹಂಗಿದ್ರೇನೇ ನಂಬ್ತಾರೆ ಅಂದ್ಲು."

ಊರಿಗೆ ಬಂದ ಮೇಲೆ ಎರಡು ಬೇಸಿಗೆಗಳಲ್ಲಿ ಮಗಳ ಹೊಟ್ಟೆ ಇಳಿಯಿತು. ಕಾವಲಿನಲ್ಲಿ ಕರುಗಳ ಹಿಂದೆ ಓಡತೊಡಗಿದಳು. ಅಷ್ಟರಲ್ಲಿ ಅದೇ ತೋಟದಿಂದ ಪರಶುರಾಂಪುರದ ಸಂಸಾರವೊಂದು ಕರಾರು ಮುಗಿಸಿ ಮರಳಿತು. ಅವರ ಹಿಂದೆಯೇ ಸುದ್ದಿಯೂ ಬಂತು. ಬಾವಿಯ ಕಟ್ಟೆಯಲ್ಲಿ ನಾನು ಹಾಲಿನ ಕಳ್ಳಿಯಾದೆ. ಮದುವೆ ಮನೆಗಳಲ್ಲಿ ನನ್ನನ್ನು ಅಡಿಗೆಯ ಕಡೆಗೆ ಬಿಡುತ್ತಿರಲಿಲ್ಲ. ನಿಜ ಹೇಳೋಣವೆಂದರೆ ಆ ಮೇಸ್ತ್ರಿಯೂ ನಮ್ಮ ಸೀಮೆಯವನೇ, ಅವನ ಅಣ್ಣ ಹತ್ತಿರದ ಗೌರಸಮುದ್ರದಲ್ಲೇ ಇದ್ದ. ಮಾತು ಅವನ ಕಿವಿಗೆ ಬಿದ್ದರೆ ತೋಟಕ್ಕೂ ಮುಟ್ಟುತ್ತಿತ್ತು. ಅಲ್ಲಿ ಆಕೆಯನ್ನು ಏನು ಮಾಡುತ್ತಿದ್ದರೋ. ಬಾಯಿ ಮುಚ್ಚಿಕೊಂಡು ಇದ್ದೆ. ಒಳಗೊಳಗೇ ಆಕೆಯನ್ನು ಬೈಯುತ್ತಲೇ ಇದ್ದೆ. ಕದಿಯುವುದಕ್ಕೆ ಬೇರೆ ಏನೂ ಸಿಕ್ಕಲಿಲ್ಲವೇ? ಮಕ್ಕಳ ಹಾಲೇ ಆಗಬೇಕಿತ್ತೇ?

ಮಗಳಿಗೆ ಹನ್ನೊಂದು ತುಂಬಿದ ವರ್ಷ, ಆಯಮ್ಮ ಜ್ವರದಲ್ಲಿ ತೀರಿಕೊಂಡಳೆಂದೂ ಅಲ್ಲೇ ಇಳಿಜಾರಿನಲ್ಲಿ ಮಣ್ಣು ಮಾಡಿದರೆಂದೂ ಸುದ್ದಿ ಬಂತು. ಮಾರನೆಯ ಬೆಳಿಗ್ಗೆ ಬಾವಿಯ ಕಟ್ಟೆಯಲ್ಲಿ ಎಲ್ಲರ ಎದುರು ನಡೆದದ್ದನ್ನೆಲ್ಲ ಹೇಳಿದೆ. ಅರ್ಧ ಜನ ನಂಬಲಿಲ್ಲ. ಸತ್ತವಳ ಮೇಲೆ ಹಾಕುತ್ತಾಳೆ ಎಂದು ಒಬ್ಬಳು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ನಂಬಿದ ಮುದುಕಿಯೊಬ್ಬಳು ಮಾತ್ರ ಹತ್ತಿರ ಬಂದಳು.

"ಹಂಗಾದ್ರೆ ಆಕಿ ಬಾಳ ಒಳ್ಳೇಳು ಅನ್ನು."

"ಒಳ್ಳೇಳಲ್ಲ ಕಣಜ್ಜಿ," ಎಂದೆ. "ಆದ್ರೆ ಆಕಿ ಇಲ್ದಿದ್ರೆ ನನ್ ಮಗಳಿಲ್ಲ."