ಒಳಗೇ ಇರಬೇಕಾಗಿದ್ದ ಹೆಸರು

ನಾನು ಕಲಿತದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದಲಿಕ್ಕೆ ಬರುತ್ತದೆ, ಅಷ್ಟೇ. ಆದರೂ ಪ್ಲಗಿನ್ ಅಂದರೆ ಏನೆಂದು ನನಗೆ ಗೊತ್ತುಂಟು. ಮಿಕ್ಸಿಗೆ ಚಟ್ನಿ ಜಾರು ಸಿಕ್ಕಿಸಿದ ಹಾಗೆ, ಇದ್ದ ವೆಬ್‌ಸೈಟಿಗೆ ಸಿಕ್ಕಿಸುವ ಇನ್ನೊಂದು ತುಂಡು. ಶಿರ್ತಾಡಿಯಿಂದ ಬಸ್ಸಲ್ಲಿ ಮೂಡುಬಿದಿರೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು ನಮ್ಮ ಮಹಿಳಾ ಸಂಘದ ವೆಬ್‌ಸೈಟಿಗೆ ಅಂಥದ್ದೊಂದು ಮಾಡಿದಳು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಯಾವುದೋ ಫ್ರೇಮ್‌ವರ್ಕ್ ಅಂತೆ. ಮನೆಯ ಕಂಬ, ಹಂಚಿನ ಮಾಡು ಎಲ್ಲ ಮೊದಲೇ ಸಿದ್ಧ ಇರುತ್ತದೆ, ನಾವು ಗೋಡೆ ಎಬ್ಬಿಸಿದರೆ ಸಾಕು ಅಂದಳು.

ಹೆಸರು ಒತ್ತಿದರೆ ಆ ಹೆಂಗಸು ಹಪ್ಪಳ ಮಾಡುವವಳೋ ಉಪ್ಪಿನಕಾಯಿಯವಳೋ ಅದು ಬರಬೇಕು. ಆದರೆ ಸಂಘದಲ್ಲಿ ಒಂದೇ ಹೆಸರಿನವರು ಮೂವರು.

"ನೀವೆಲ್ಲ ಹೇಗೆ ಗುರ್ತ ಹಿಡಿಯುವುದು ಅಜ್ಜಿ?"

"ಅಡ್ಡಹೆಸರಿನಿಂದ. ಅದು ಬೆನ್ನ ಹಿಂದೆ ಹೇಳುವುದು, ಎದುರಿಗಲ್ಲ."

"ನನಗೆ ಹೇಳಿ. ಹುಡುಕಲಿಕ್ಕೆ ಮಾತ್ರ, ಒಳಗೇ ಇರ್ತದೆ. ದೇವರಾಣೆ ಯಾರಿಗೂ ಕಾಣುವುದಿಲ್ಲ."

ಹೇಳಿದೆ. ನನ್ನ ಜೊತೆ ನಲವತ್ತು ವರ್ಷ ಬೀಡಿ ಕಟ್ಟಿದ ಪಕ್ಕದ ಮನೆಯವಳೂ ಆ ಮೂವರಲ್ಲಿ ಒಬ್ಬಳು, ಅವಳದ್ದೂ ಹೇಳಿದೆ. ಗಂಡ ಹಾಸಿಗೆ ಹಿಡಿದ ವರ್ಷ ಅವಳು ನಮ್ಮ ಬಾಗಿಲಿಗೆ ಬಂದು ಒಂದು ಮುಷ್ಟಿ ಅಕ್ಕಿ ಉಂಟಾ ಎಂದು ಕೇಳುತ್ತಿದ್ದಳು. ಹಾಗೆ ಅವಳು 'ಒಂಜಿ ಮುಷ್ಟಿ'. ತುಳುವಿನಲ್ಲಿ ಆ ಹೆಸರು ಇಟ್ಟವಳು ನಾನೇ.

ಸಂಘದ ಮೀಟಿಂಗಿನಲ್ಲಿ ಮೊಮ್ಮಗಳು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಆ ಹೆಸರು ಒತ್ತಿದಾಗ ಮೂವರೂ ಗೋಡೆಯಲ್ಲಿ ಬಂದರು. ಪ್ರತಿಯೊಬ್ಬಳ ಕೆಳಗೆ ಅಡ್ಡಹೆಸರೂ ಬಂತು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಆ ನೆರೆಮನೆಯವಳೇ ಗಟ್ಟಿಯಾಗಿ ಓದಿದಳು. "ಒಂಜಿ ಮುಷ್ಟಿ. ಇದು ಯಾರು ಮಾರಾಯ್ತಿ?"

ಎಲ್ಲರೂ ನಕ್ಕರು. ಗೊತ್ತಿಲ್ಲದೆ ಇದ್ದದ್ದು ಅವಳೊಬ್ಬಳಿಗೆ. ನಗು ನಿಲ್ಲುವಾಗ ಅವಳಿಗೂ ಗೊತ್ತಾಯಿತು.

ಮನೆಗೆ ಬಂದು ಮೊಮ್ಮಗಳನ್ನು ಕೇಳಿದೆ. ತುಂಬಿಸಿದ್ದೆಲ್ಲ ತಾನಾಗಿ ಪುಟದಲ್ಲಿ ಕಾಣ್ತದೆ, ಬೇಡದ್ದನ್ನು ನಾವೇ ತೆಗೀಬೇಕು ಅಂದಳು.

"ತೆಗೀಲಿಕ್ಕೆ ಮರೆತೆಯಾ?"

"ಇಲ್ಲ. ತಮಾಷೆ ಉಂಟು, ಎಲ್ಲರೂ ನಗ್ತಾರೆ ಅಂತ ಬಿಟ್ಟೆ."

ಮರೆತಿದ್ದರೆ ಎರಡು ಬೈದು ಬಿಡುತ್ತಿದ್ದೆ. ಅವಳು ಅಲ್ಲೇ ಕೂತು ಒಂದು ಸಾಲು ಅಳಿಸಿ, ಈಗ ಕಾಣುವುದಿಲ್ಲ ನೋಡಿ ಎಂದು ಮೊಬೈಲು ಹಿಡಿದಳು. ನಾನು ನೋಡಲಿಲ್ಲ. ಆಣೆ ಹಾಕಿದ ಬಾಯಿ ಅದು. ಆಮೇಲೆ ನಾನು ಅವಳಲ್ಲಿ ಊಟ ಆಯ್ತಾ ಎಂದು ಕೇಳುವುದು ಬಿಟ್ಟರೆ ಬೇರೆ ಮಾತು ಆಡಿಲ್ಲ.

ಮರುದಿನ ಎಂದಿನ ಹಾಗೆ ಬೀಡಿಯ ಗೆರಸೆ ಹಿಡಿದು ಪಕ್ಕದ ಮನೆಯ ಜಗಲಿಗೆ ಹೋದೆ. ಅವಳು ಎಲೆ ಕತ್ತರಿಸುತ್ತಾ ತಲೆ ಎತ್ತದೆ ಕೇಳಿದಳು.

"ಹೆಸರು ಇಟ್ಟದ್ದು ಯಾರು?"

ಇನ್ನೊಬ್ಬರ ತಲೆಗೆ ಕಟ್ಟಬಹುದಿತ್ತು. "ನಾನು" ಅಂದೆ.

"ಆಗ ಅಕ್ಕಿ ಕೊಟ್ಟದ್ದೂ ನೀನೇ."

"ಹೌದು."

"ಕೊಡದಿದ್ದರೆ ಒಳ್ಳೆಯದಿತ್ತು."

ಕತ್ತರಿಸಿದ ಎಲೆಗಳನ್ನು ಒಟ್ಟು ಮಾಡಿ ಒಳಗೆ ಹೋದಳು. ನಾನು ಈಗ ನನ್ನ ಜಗಲಿಯಲ್ಲೇ ಕೂತು ಕಟ್ಟುತ್ತೇನೆ. ಅವಳ ಕತ್ತರಿಯ ಸದ್ದು ಇಲ್ಲಿಗೆ ಕೇಳುತ್ತದೆ.